ನೈಸಿಯ ಸಭೆಯಲ್ಲಿ ಮತ ಹಾಕಿ ಯೇಸುವನ್ನು ದೇವರನ್ನಾಗಿ ಮಾಡಿದರೇ? ಸಭಾ ಇತಿಹಾಸದ ಉಪನ್ಯಾಸಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಊಟದ ಬಿಡುವಿನಲ್ಲಿ ಸಹೋದ್ಯೋಗಿಯೊಬ್ಬರು ಹೀಗೆ ಹೇಳಿದರು: ‘ಮೊದಲ 300 ವರ್ಷ ಕ್ರೈಸ್ತರು ಯೇಸುವನ್ನು ಬರೀ ಪ್ರವಾದಿ ಎಂದು ಎಣಿಸಿದ್ದರು. 325ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ನೈಸಿಯದಲ್ಲಿ ಸಭೆ ಸೇರಿಸಿ, ಮತ ಹಾಕಿಸಿ ಅವನನ್ನು ದೇವರನ್ನಾಗಿ ಮಾಡಿದ. ಬೇಡವಾದ ಸುವಾರ್ತೆಗಳನ್ನು ಅಲ್ಲಿಯೇ ಸುಟ್ಟರು.’ ಆರಾಧನೆಯಲ್ಲಿ ನೈಸಿಯ ವಿಶ್ವಾಸಪ್ರಮಾಣವನ್ನು ಬಾಯಿಪಾಠವಾಗಿ ಹೇಳುವ ನನಗೆ ಉತ್ತರ ಹೊಳೆಯಲಿಲ್ಲ. ಏನು ಹೇಳಬೇಕಿತ್ತು?

ಉತ್ತರ: ಅವರ ಮಾತಿನಲ್ಲಿ ನಿಜವಿರುವಷ್ಟನ್ನು ಮೊದಲು ಒಪ್ಪಿಕೊಳ್ಳೋಣ, ಏಕೆಂದರೆ ಎಲ್ಲವನ್ನೂ ಅಲ್ಲಗಳೆಯುವ ಸಮರ್ಥನೆಯನ್ನು ಯಾರೂ ನಂಬುವುದಿಲ್ಲ. ನೈಸಿಯದಲ್ಲಿ (ಇಂದಿನ ಟರ್ಕಿಯಲ್ಲಿರುವ ಪಟ್ಟಣ) ಬಿಷಪ್ಪರ ಸಭೆಯನ್ನು ಕರೆದವನು ಚಕ್ರವರ್ತಿಯೇ. ತಂದೆಯಾದ ದೇವರು ಮತ್ತು ಮಗನಾದ ಯೇಸು ‘ಒಂದೇ ಸತ್ವದವರು’ ಎಂಬ ಅರ್ಥದ ‘ಹೊಮೊಊಸಿಯೊಸ್’ ಎಂಬ ಗ್ರೀಕ್ ಪದ ಬೈಬಲಿನಲ್ಲಿ ಇಲ್ಲ, ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರು ಎಂಬ ಅರ್ಥದ ‘ತ್ರಿಯೇಕ’ ಎಂಬ ಪದವೂ ಇಲ್ಲ. ಆದರೆ ಪದ ಹೊಸದು ಎಂದ ಮಾತ್ರಕ್ಕೆ ನಂಬಿಕೆಯೂ ಹೊಸದಾಗುವುದಿಲ್ಲ.

ನಿಮ್ಮ ಸಹೋದ್ಯೋಗಿ ಗಮನಿಸದ ಸಂಗತಿಯೊಂದಿದೆ. ನೈಸಿಯದಲ್ಲಿ ‘ಯೇಸು ಬರೀ ಮನುಷ್ಯ’ ಎಂದು ವಾದಿಸುವ ಪಕ್ಷವೇ ಇರಲಿಲ್ಲ. ವಿವಾದ ಎಬ್ಬಿಸಿದವನು ಅಲೆಕ್ಸಾಂಡ್ರಿಯದ ಹಿರಿಯ ಪಾದ್ರಿ ಆರಿಯಸ್. ಲೋಕ ಹುಟ್ಟುವ ಮೊದಲೇ ಮಗನು ಇದ್ದನೆಂದೂ ಲೋಕವು ಅವನ ಮೂಲಕವೇ ಉಂಟಾಯಿತೆಂದೂ ಅವನು ಕೂಡ ನಂಬಿದ್ದ. ಆದರೆ ಮಗನು ತಂದೆಯ ಮೊದಲ ಮತ್ತು ಶ್ರೇಷ್ಠ ಸೃಷ್ಟಿ, ‘ಅವನಿಲ್ಲದ ಕಾಲವೊಂದಿತ್ತು’ ಎಂಬುದು ಅವನ ವಾದವಾಗಿತ್ತು. ಇದಕ್ಕೆ, ದೇವರು ತನ್ನನ್ನು ಎಲ್ಲಕ್ಕಿಂತ ಮೊದಲು ಉಂಟುಮಾಡಿದನೆಂದು ಜ್ಞಾನವು ಹೇಳುವ ಬೈಬಲಿನ ಜ್ಞಾನೋಕ್ತಿ 8:22ರಂಥ ವಚನಗಳನ್ನೇ ಆಧಾರವಾಗಿ ತೋರಿಸುತ್ತಿದ್ದ. ಆದ್ದರಿಂದ ಅವನನ್ನು ಶಾಸ್ತ್ರ ಓದದ ದುಷ್ಟನಂತೆ ಚಿತ್ರಿಸುವುದೂ ತಪ್ಪು. ಜನ ಆಗಲೇ ಆರಾಧಿಸುತ್ತಿದ್ದ ಈತನು ಸೃಷ್ಟಿಕರ್ತನ ಕಡೆಯವನೋ, ಸೃಷ್ಟಿಯ ಕಡೆಯವನೋ ಎಂಬುದಷ್ಟೇ ಅಲ್ಲಿ ತೀರ್ಮಾನವಾಗಬೇಕಿತ್ತು.

ಆಗಲೇ ಆರಾಧಿಸುತ್ತಿದ್ದರು ಎಂಬುದಕ್ಕೆ ಕ್ರೈಸ್ತರಲ್ಲದವರ ಸಾಕ್ಷ್ಯವೇ ಇದೆ. ಸುಮಾರು 112ರಲ್ಲಿ ಪ್ಲಿನಿ ಎಂಬ ರೋಮನ್ ರಾಜ್ಯಪಾಲನು ಟ್ರಾಜನ್ ಚಕ್ರವರ್ತಿಗೆ ಬರೆದ ಪತ್ರದಲ್ಲಿ, ಈ ಜನರು ನಿಗದಿತ ದಿನ ಬೆಳಗಾಗುವ ಮೊದಲೇ ಸೇರಿ ಕ್ರಿಸ್ತನಿಗೆ, ದೇವರಿಗೆ ಹಾಡುವಂತೆ, ಸ್ತುತಿ ಹಾಡುತ್ತಾರೆ ಎಂದು ತಿಳಿಸಿದ್ದಾನೆ. ಅವನು ಆಳುತ್ತಿದ್ದುದು ಬಿಥಿನಿಯ ಪ್ರಾಂತ್ಯವನ್ನು, ಅಂದರೆ ನೈಸಿಯ ಪಟ್ಟಣವಿರುವ ಪ್ರಾಂತ್ಯವನ್ನೇ. (ಅದೇ ನೈಸಿಯದಲ್ಲಿ ಕೋಟಿಗೂ ಮೀರಿ ನಾಣ್ಯ ಸುರಿದ ರಂಗಮಂದಿರ ಕುಸಿಯುತ್ತಿದೆ ಎಂದು ಅವನು ಇನ್ನೊಂದು ಪತ್ರದಲ್ಲಿ ದೂರಿದ್ದಾನೆ. ಸರಕಾರಿ ಕಾಮಗಾರಿಯ ಕಥೆ ಅಂದೂ ಬೇರೆಯಾಗಿರಲಿಲ್ಲ.) ಅದೇ ಕಾಲದ ಸುಮಾರಿಗೆ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ತನ್ನ ಪತ್ರಗಳಲ್ಲಿ ‘ನಮ್ಮ ದೇವರಾದ ಯೇಸು ಕ್ರಿಸ್ತ’ ಎಂದು ಸಹಜವಾಗಿ ಬರೆಯುತ್ತಾನೆ. ಇಸ್ರೇಲಿನ ಮೆಗಿದ್ದೋದಲ್ಲಿ 2005ರಲ್ಲಿ ಸೆರೆಮನೆಯ ಆವರಣವನ್ನು ಅಗೆಯುವಾಗ ಸಿಕ್ಕ ಮೂರನೇ ಶತಮಾನದ ಮೊಸಾಯಿಕ್ ನೆಲಹಾಸಿನಲ್ಲಿ, ಒಬ್ಬ ಹೆಂಗಸು ‘ದೇವರಾದ ಯೇಸು ಕ್ರಿಸ್ತನಿಗೆ’ ಒಂದು ಮೇಜನ್ನು ಅರ್ಪಿಸಿದ ಬರಹವಿದೆ. ನೈಸಿಯದಲ್ಲಿ ನಡೆದದ್ದರ ಬಗ್ಗೆ ಆಕೆಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ.

ಇವೆಲ್ಲಕ್ಕಿಂತಲೂ ಹಳೆಯ ಸಾಕ್ಷ್ಯ ಹೊಸ ಒಡಂಬಡಿಕೆಯಲ್ಲಿರುವ ಅಪೊಸ್ತಲ ಪೌಲನ ಪತ್ರಗಳಲ್ಲಿದೆ. ಸುಮಾರು 55ರಲ್ಲಿ ಕೊರಿಂಥದ ಗ್ರೀಕರಿಗೆ ಗ್ರೀಕಿನಲ್ಲೇ ಬರೆದ ಮೊದಲ ಪತ್ರದ ಕೊನೆಯಲ್ಲಿ ಅವನು ‘ಮಾರಾನಾಥಾ’ ಎಂಬ ಅರಾಮಿಕ್ ಮಾತನ್ನು ಹಾಗೆಯೇ ಇಟ್ಟಿದ್ದಾನೆ. ಅದಕ್ಕೆ ‘ನಮ್ಮ ಕರ್ತನೇ, ಬಾ’ ಎಂದರ್ಥ. ‘ಆಮೆನ್’ ಎಂಬುದನ್ನು ನಾವು ಕನ್ನಡಕ್ಕೆ ತಿರುಗಿಸದೆ ಉಳಿಸಿಕೊಂಡಂತೆ, ಗ್ರೀಕ್ ಸಭೆಗಳು ಈ ಪ್ರಾರ್ಥನೆಯನ್ನು ಅರಾಮಿಕ್ ಮಾತನಾಡುವ ಮೊದಲ ಯೆಹೂದಿ ವಿಶ್ವಾಸಿಗಳಿಂದ ಪಡೆದು ಉಳಿಸಿಕೊಂಡಿದ್ದವು. ಏಕದೇವರಲ್ಲದೆ ಬೇರೆ ಯಾರಿಗೂ ಪ್ರಾರ್ಥಿಸಬಾರದೆಂದು ಎಳವೆಯಿಂದ ಕಲಿತವರು ಯೇಸುವನ್ನು ಹೀಗೆ ಕರೆದು ಪ್ರಾರ್ಥಿಸಿದರು ಎಂಬುದಕ್ಕಿಂತ ದೊಡ್ಡ ಪುರಾವೆ ನನಗೆ ತಿಳಿದಿಲ್ಲ.

ಮತದಾನದ ಮಾತಿಗೆ ಬಂದರೆ, ಹಾಜರಿದ್ದ ಬಿಷಪ್ಪರ ಸಂಖ್ಯೆಯನ್ನು ಸಂಪ್ರದಾಯವು 318 ಎನ್ನುತ್ತದೆ. ಇತಿಹಾಸಕಾರರು ಅದಕ್ಕಿಂತ ಕಡಿಮೆ ಲೆಕ್ಕ ಹಾಕುತ್ತಾರೆ. ಸಭೆಯ ವಿಶ್ವಾಸಪ್ರಮಾಣಕ್ಕೆ ಕೊನೆಯವರೆಗೂ ಸಹಿ ಹಾಕಲು ಒಪ್ಪದ ಬಿಷಪ್ಪರು ಇಬ್ಬರೇ, ಸೆಕುಂಡಸ್ ಮತ್ತು ಥಿಯೋನಸ್. ಚಕ್ರವರ್ತಿಯ ಭಯ ಕೆಲವರ ಕೈ ಹಿಡಿದು ಸಹಿ ಮಾಡಿಸಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಮರುಪ್ರಶ್ನೆ: ಸುವಾರ್ತೆಗಳನ್ನು ಸುಟ್ಟ ವಿಷಯ?

ಉತ್ತರ: ನೈಸಿಯ ಸಭೆ ಹೊರಡಿಸಿದ 20 ನಿಯಮಗಳು ಇಂದಿಗೂ ಲಭ್ಯವಿವೆ. ಬಿಷಪ್ಪರ ನೇಮಕ, ಹಿಂಸೆಯ ಕಾಲದಲ್ಲಿ ನಂಬಿಕೆ ಬಿಟ್ಟವರನ್ನು ಮತ್ತೆ ಸೇರಿಸಿಕೊಳ್ಳುವುದು, ಪಾದ್ರಿಗಳು ಬಡ್ಡಿ ವ್ಯವಹಾರ ಮಾಡಬಾರದು ಎಂಬಂಥ ವಿಷಯಗಳು ಅಲ್ಲಿವೆ. ಬೈಬಲಿನ ಪುಸ್ತಕಗಳ ಪಟ್ಟಿಯ ಪ್ರಸ್ತಾಪವೇ ಇಲ್ಲ. ಪುಸ್ತಕಗಳನ್ನು ಬಲಿಪೀಠದ ಬಳಿ ಇಟ್ಟು ಪವಾಡದಿಂದ ಆರಿಸಿದರು ಎಂಬ ಕಥೆಯು ಐದು ಶತಮಾನಗಳ ಬಳಿಕದ ಒಂದು ಗ್ರೀಕ್ ಸಂಕಲನದಿಂದ ಹಬ್ಬಿದ್ದು. ಸುವಾರ್ತೆಗಳು ನಾಲ್ಕೇ ಎಂದು ಲಿಯೋನ್ ನಗರದ ಬಿಷಪ್ ಐರೇನಿಯಸ್ ಸುಮಾರು 180ರಲ್ಲೇ ವಾದಿಸಿದ್ದ. ಇಂದಿನ ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನೇ ಹೆಸರಿಸುವ ಅತಿ ಹಳೆಯ ಪಟ್ಟಿ, ಅಲೆಕ್ಸಾಂಡ್ರಿಯದ ಬಿಷಪ್ಪನೂ ನೈಸಿಯದ ಪಕ್ಷದ ಮುಖಂಡನೂ ಆದ ಅಥನೇಷಿಯಸನ 367ರ ಪತ್ರದಲ್ಲಿದೆ. ಅಂದರೆ ನೈಸಿಯಕ್ಕೆ 42 ವರ್ಷಗಳಾದ ಮೇಲೆ.

ಮರುಪ್ರಶ್ನೆ: ರಾಜನ ಬಲದಿಂದಲ್ಲದೆ ಈ ಸಿದ್ಧಾಂತ ಉಳಿಯುತ್ತಿತ್ತೇ?

ಉತ್ತರ: ರಾಜನ ಬಲ ಬಹುಕಾಲ ಇದಕ್ಕೆ ವಿರುದ್ಧವಾಗಿಯೇ ಇತ್ತು. ಕಾನ್‌ಸ್ಟಂಟೈನ್ ಕೆಲವೇ ವರ್ಷಗಳಲ್ಲಿ ಆರಿಯಸನ ಕಡೆಯವರತ್ತ ವಾಲಿದ. 337ರಲ್ಲಿ ಸಾಯುವ ಮುನ್ನ ಅವನಿಗೆ ದೀಕ್ಷಾಸ್ನಾನ ಕೊಟ್ಟವನು ಆರಿಯಸನ ಬೆಂಬಲಿಗ, ನಿಕೊಮೇದಿಯದ ಯೂಸೇಬಿಯಸ್. ಮಗ ಕಾನ್‌ಸ್ಟಾಂಟಿಯಸನಂತೂ ನೈಸಿಯದ ಪಕ್ಷವನ್ನು ಬಹಿರಂಗವಾಗಿ ತುಳಿದ. ಅಥನೇಷಿಯಸ್ ಐದು ಸಲ ಗಡೀಪಾರಾಗಿ ಸುಮಾರು 17 ವರ್ಷಗಳನ್ನು ಹೊರಗೆ ಕಳೆದ. ನಾವು ಇಂದು ಹೇಳುವ ವಿಶ್ವಾಸಪ್ರಮಾಣದ ರೂಪವು 381ರ ಕಾನ್‌ಸ್ಟಾಂಟಿನೋಪಲ್ ಸಭೆಗೆ ಸೇರಿದ್ದು. ನಡುವಿನ ಆ 56 ವರ್ಷಗಳನ್ನು ಕಥೆಯಿಂದ ಬಿಟ್ಟರೆ ಮಾತ್ರ ‘ಚಕ್ರವರ್ತಿಯೇ ಮಾಡಿದ’ ಎನ್ನಲು ಬರುತ್ತದೆ.

ಬೈಬಲಿನಲ್ಲಿಲ್ಲದ ಪದ ಏಕೆ ಬೇಕಾಯಿತೆಂಬುದನ್ನೂ ಅಥನೇಷಿಯಸನೇ ಬರೆದಿದ್ದಾನೆ. ಶಾಸ್ತ್ರದ ಮಾತುಗಳನ್ನೇ ಬಳಸೋಣವೆಂದು ಬಿಷಪ್ಪರು ಒಂದೊಂದೇ ವಚನ ಮುಂದಿಟ್ಟಾಗ, ಎದುರು ಪಕ್ಷದವರು ‘ಇದಕ್ಕೂ ನಮ್ಮ ಅರ್ಥ ಹಚ್ಚಬಹುದು’ ಎಂದು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸಿ ಪಿಸುಗುಟ್ಟುತ್ತಿದ್ದರಂತೆ. ಅವರು ನುಂಗಲಾಗದ ಒಂದು ಪದ ಬೇಕಿತ್ತು. ‘ಹೊಮೊಊಸಿಯೊಸ್’ ಅಂಥದು.

ಇನ್ನೊಬ್ಬ ಸದಸ್ಯೆಯ ಪ್ರಶ್ನೆ: ಸಂಡೇ ಸ್ಕೂಲಿನಲ್ಲಿ ತ್ರಿಯೇಕತ್ವವನ್ನು ನೀರು, ಮಂಜುಗಡ್ಡೆ, ಹಬೆಯ ಹೋಲಿಕೆಯಿಂದ ಕಲಿಸುತ್ತೇನೆ. ಹಿಂದೂ ಗೆಳತಿಯರು ‘ಇದು ನಮ್ಮ ತ್ರಿಮೂರ್ತಿಗಳ ಹಾಗೆಯೇ’ ಎನ್ನುತ್ತಾರೆ. ಎರಡೂ ಸರಿಯೇ?

ಉತ್ತರ: ಮೊದಲನೆಯದನ್ನು ದಯವಿಟ್ಟು ಬಿಟ್ಟುಬಿಡಿ. ಒಂದೇ ನೀರು ಮೂರು ವೇಷ ಹಾಕುತ್ತದೆ ಎಂಬುದು ಮೂರನೇ ಶತಮಾನದಲ್ಲಿ ಸಬೆಲಿಯಸ್ ಎಂಬ ಬೋಧಕನ ಹೆಸರಿನಲ್ಲಿ ಕ್ರೈಸ್ತ ಸಭೆಯು (ಚರ್ಚ್) ತಳ್ಳಿಹಾಕಿದ ಬೋಧನೆ. ಹಾಗಿದ್ದರೆ ಗೆತ್ಸೇಮನೆ ತೋಟದಲ್ಲಿ ಯೇಸು ಯಾರಿಗೆ ಪ್ರಾರ್ಥಿಸಿದನು? ಗೆಳತಿಯರ ಹೋಲಿಕೆ ಸದ್ಭಾವದ್ದು, ಆದರೂ ಸೃಷ್ಟಿ, ಸ್ಥಿತಿ, ಲಯಗಳ ಹಾಗೆ ಕೆಲಸ ಹಂಚಿಕೊಂಡ ಮೂವರ ಬಗ್ಗೆ ನಾವು ಮಾತನಾಡುತ್ತಿಲ್ಲ. ತಂದೆ ಮಾಡುವ ಪ್ರತಿಯೊಂದನ್ನೂ ಮಗನ ಮೂಲಕ ಪವಿತ್ರಾತ್ಮನಲ್ಲಿ ಮಾಡುತ್ತಾನೆ ಎಂಬುದು ಸಭೆಯ ಬೋಧನೆ. ಮಕ್ಕಳಿಗೆ ಹೋಲಿಕೆಗಿಂತ ಯೊರ್ದನ್ ನದಿಯ ದೀಕ್ಷಾಸ್ನಾನದ ಕಥೆ ಹೇಳಿ. ನೀರಿನಲ್ಲಿ ಮಗ, ಪಾರಿವಾಳದಂತೆ ಇಳಿಯುವ ಆತ್ಮ, ಆಕಾಶದಿಂದ ತಂದೆಯ ಧ್ವನಿ, ಮೂವರೂ ಅಲ್ಲಿ ಏಕಕಾಲಕ್ಕೆ ಇದ್ದಾರೆ.

ಕೊನೆಯ ಪ್ರಶ್ನೆ: ಮನೆಗೆ ಬಂದ ಯೆಹೋವನ ಸಾಕ್ಷಿಗಳು (ತ್ರಿಯೇಕತ್ವವನ್ನು ಒಪ್ಪದ ಪಂಥದವರು), ಯೋಹಾನ 1:1ರ ಗ್ರೀಕ್ ಮೂಲದಲ್ಲಿ ವಾಕ್ಯವು, ಅಂದರೆ ಯೇಸು, ‘ಒಬ್ಬ ದೇವರು’ ಎಂದಷ್ಟೇ ಇದೆ, ಸರ್ವಶಕ್ತ ದೇವರು ಎಂದಿಲ್ಲ ಎಂದರು. ಕನ್ನಡದಲ್ಲಿ ‘ಆ ವಾಕ್ಯವು ದೇವರಾಗಿತ್ತು’ ಎಂದಿದೆ. ಅನುವಾದ ತಪ್ಪೇ?

ಉತ್ತರ: ತಪ್ಪಲ್ಲ. ಗ್ರೀಕಿನಲ್ಲಿ ಇಂಗ್ಲಿಷಿನ ‘ದ’ಗೆ ಸಮನಾದ ಉಪಪದವಿದೆ, ‘ಎ’ಗೆ ಸಮನಾದದ್ದಿಲ್ಲ. ‘ಆ ವಾಕ್ಯವು ದೇವರಾಗಿತ್ತು’ ಎಂಬ ಮಾತಿನಲ್ಲಿ ‘ದೇವರು’ ಎಂಬ ಪದಕ್ಕೆ ಉಪಪದವಿಲ್ಲ ಎಂಬುದು ನಿಜ. ಆದರೆ ಅದೇ ಅಧ್ಯಾಯದ 6, 12, 13 ಮತ್ತು 18ನೇ ವಚನಗಳಲ್ಲೂ ಉಪಪದವಿಲ್ಲದೆ ಅದೇ ಪದ ಬಂದಿದೆ. 6ನೇ ವಚನವನ್ನು, ಸ್ನಾನಿಕನಾದ ಯೋಹಾನನು ‘ಒಬ್ಬ ದೇವರಿಂದ’ ಕಳುಹಿಸಲ್ಪಟ್ಟನು ಎಂದು ಯಾರೂ ಓದುವುದಿಲ್ಲ. ಯೋಹಾನ 1:1ರಲ್ಲಿ ಆ ಪದವು ವಾಕ್ಯ ಯಾರು ಎಂಬುದನ್ನಲ್ಲ, ಏನು ಎಂಬುದನ್ನು ಹೇಳುತ್ತದೆ. ಉಪಪದಗಳೇ ಇಲ್ಲದ ಕನ್ನಡಿಗರಿಗೆ ಇದು ಸುಲಭವಾಗಿ ತಿಳಿಯಬೇಕು: ‘ಈ ಬಳೆ ಚಿನ್ನ’ ಎಂದಾಗ ಅದು ಒಂದು ಚಿನ್ನವೋ ಆ ಚಿನ್ನವೋ ಎಂದು ನಾವು ಕೇಳುವುದಿಲ್ಲ.

ಅವರು ಮುಂದೆ, ಯೇಸುವನ್ನು ಸೃಷ್ಟಿಗೆಲ್ಲಾ ‘ಜ್ಯೇಷ್ಠಪುತ್ರ’ ಎನ್ನುವ ಕೊಲೊಸ್ಸೆ 1:15ಕ್ಕೆ ಬಂದು, ಹಾಗಾದರೆ ಅವನೂ ಸೃಷ್ಟಿಯಾದವನೇ ಎನ್ನುತ್ತಾರೆ. ಇಷಯನ ಮಕ್ಕಳಲ್ಲಿ ಕೊನೆಯವನಾದ ದಾವೀದನನ್ನೂ ಕೀರ್ತನೆ 89:27 ಜ್ಯೇಷ್ಠನೆಂದೇ ಕರೆಯುತ್ತದೆ, ಅದು ಹುಟ್ಟಿದ ಸರದಿಯ ಮಾತಲ್ಲ, ಹಕ್ಕಿನ ಮಾತು. ವಾದ ಬೆಳೆಸದೆ ಅವರಿಗೆ ಚಹಾ ಕೊಟ್ಟು, ಅವರದೇ ಅನುವಾದದಲ್ಲಿ ಯೋಹಾನ 20:28ನ್ನು ತೆರೆಯಲು ಹೇಳಿ. ತೋಮನು ಯೇಸುವಿಗೆ ‘ನನ್ನ ಕರ್ತನೇ, ನನ್ನ ದೇವರೇ’ ಎನ್ನುವ ಆ ಜಾಗದಲ್ಲಿ ಗ್ರೀಕಿನ ಉಪಪದ ಇದೆ, ಯೇಸು ಅವನನ್ನು ತಿದ್ದುವುದೂ ಇಲ್ಲ.