ಪೀಟ್ ವಿಸ್ಕಿಯ ಹೊಗೆಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಪ್ರಶ್ನೆ ವಿಸ್ಕಿಯದ್ದು, ಅದರಲ್ಲೂ ಪೀಟ್ ಅನ್ನುವ ಜೌಗುನೆಲದ ಉರುವಲಿನ ಹೊಗೆ ಹತ್ತಿದ ವಿಸ್ಕಿಯದ್ದು. ಕುಡಿಯದವರೂ ದಯವಿಟ್ಟು ಓದಿ. ನನಗೆ ಬೇಕಾದ ಪದ ಸಿಕ್ಕರೆ ಅಡುಗೆಮನೆಯಲ್ಲೋ ಬಚ್ಚಲೊಲೆಯ ಹತ್ತಿರವೋ ಸಿಗಬೇಕು, ಬಾರ್‌ನಲ್ಲಿ ಅಲ್ಲ.

ನಾನಿರುವುದು ಗ್ಲಾಸ್ಗೋದಲ್ಲಿ. ಕಳೆದ ವಾರ ನಾವು ನಾಲ್ಕು ಜನ ಕನ್ನಡದವರು ಕೂತು ಮೂರು ಸ್ಕಾಚ್ ಸಿಂಗಲ್ ಮಾಲ್ಟ್‌ಗಳ ರುಚಿ ನೋಡಿದೆವು (ಸಿಂಗಲ್ ಮಾಲ್ಟ್ ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿ). ಒಂದು ಕಲ್ ಈಲಾ, ಐಲಾ ದ್ವೀಪದ್ದು (ಇಂಗ್ಲಿಷ್ ಕಾಗುಣಿತ ನೋಡಿ 'ಇಸ್ಲೇ' ಅಂತ ಬರೆಯುವವರಿದ್ದಾರೆ, ಇಲ್ಲಿ ಯಾರೂ ಹಾಗೆ ಅನ್ನುವುದಿಲ್ಲ). ಇನ್ನೊಂದು ಮಲ್ ದ್ವೀಪದ ಲೆಡ್ಚಿಗ್. ಮೂರನೆಯದರ ಲೇಬಲ್ ಮೇಲೆ ಊರಿನ ಹೆಸರಿದೆ, ಡಿಸ್ಟಿಲರಿಯ ಹೆಸರಿಲ್ಲ. ಮೂರನ್ನೂ ಬಾಟಲಿಗೆ ತುಂಬಿದವರು ಬೇರೆಯವರು. ಕ್ಯಾಡೆನ್‌ಹೆಡ್, ಸಿಗ್ನೇಟರಿ ಥರದ ವ್ಯಾಪಾರಿಗಳು ಡಿಸ್ಟಿಲರಿಗಳಿಂದ ಪೀಪಾಯಿಗಟ್ಟಲೆ ಕೊಂಡು ತಮ್ಮ ಲೇಬಲ್ ಹಚ್ಚಿ ಮಾರುತ್ತಾರೆ. ಕ್ಯಾಡೆನ್‌ಹೆಡ್‌ನವರು 1842ರಿಂದ ಇದ್ದಾರೆ. 'ನಮ್ಮ ಹೆಸರು ಹಾಕಬೇಡಿ' ಅಂತ ಡಿಸ್ಟಿಲರಿ ಹೇಳಿದ್ದರೆ ಬಾಟಲಿ ಹೀಗೆ ಅನಾಮಿಕವಾಗಿ ಬರುತ್ತದೆ. ಅಂದಹಾಗೆ, ಪೀಪಾಯಿ ನಮಗೆ ಬಂದದ್ದು ಪೋರ್ಚುಗೀಸರ 'ಪೀಪಾ'ದಿಂದ. ಇಲ್ಲಿ ಪೋರ್ಟ್ ವೈನಿನ ಹಳೇ ಪೀಪಾಯಿಗೆ 'ಪೋರ್ಟ್ ಪೈಪ್' ಅನ್ನುತ್ತಾರಲ್ಲ, ಅದೂ ಅದೇ ಪದ.

ಕುಡಿದದ್ದನ್ನು ಕನ್ನಡದಲ್ಲೇ ಬರೆದಿಡೋಣ ಅಂತ ನೋಟ್‌ಬುಕ್ ತೆಗೆದೆ. ಮೊದಲ ಸಾಲಿಗೇ ಜಗಳ.

ಮೂರೂ ಐದರಿಂದ ಎಂಟು ವರ್ಷದವು. ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಡದಿದ್ದರೆ ಸ್ಕಾಚ್ ಅನ್ನುವಂತಿಲ್ಲ, ಹಾಗಾಗಿ ಇವು ಚಿಕ್ಕವೇ. ನಾನು 'ಎಳೆಯ ವಿಸ್ಕಿ' ಅಂತ ಬರೆದೆ. ಗೆಳೆಯ ಒಪ್ಪಲಿಲ್ಲ. ಎಳನೀರು, ಎಳೆ ಸೌತೆಕಾಯಿ ಅಂದರೆ ಮೆತ್ತಗೆ, ಸಿಹಿ. ಇದೋ ಶೇ. 58ರ ಮದ್ಯ, ಮೂಗಿಗೆ ಒದೆಯುತ್ತದೆ. 'ಹಸಿ' ಅನ್ನು ಅಂದ. ಹಸಿ ವಾಸನೆ ಹೋಗುವ ತನಕ ಹುರಿಯಿರಿ ಅನ್ನುತ್ತೇವಲ್ಲ, ಅದು. ನನಗೂ ಸರಿ ಅನ್ನಿಸಿತು. ಆದರೆ 'ಹಸಿ' ಅಂದ ಕೂಡಲೇ ಇನ್ನೂ ಆಗಿಲ್ಲ ಅನ್ನುವ ದೂರು ಬರುತ್ತದೆ. ನಾವು ಚಿಕ್ಕದನ್ನೇ ಹುಡುಕಿ ತಂದಿದ್ದೆವು. ಪೀಪಾಯಿಯಲ್ಲಿ ವರ್ಷ ಕಳೆದಂತೆ ಹೊಗೆ ತಗ್ಗುತ್ತದೆ, ಹೊಗೆ ಬೇಕಾದವರಿಗೆ ಚಿಕ್ಕದೇ ಬೇಕು.

ಈಗ ಹೊಗೆ. ಪೀಟ್ ಅಂದರೆ ಜೌಗುನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತ ಗಿಡಗಂಟಿ. ಇಟ್ಟಿಗೆ ಥರ ಕತ್ತರಿಸಿ, ಒಣಗಿಸಿ, ಬೆರಣಿ ಒಟ್ಟಿದ ಹಾಗೆ ಒಟ್ಟುತ್ತಾರೆ. ಮೊಳಕೆ ಬಂದ ಬಾರ್ಲಿಯನ್ನು ಅದರ ಬೆಂಕಿಯಲ್ಲಿ ಒಣಗಿಸುತ್ತಾರೆ. ಕಾಳು ಇನ್ನೂ ಒದ್ದೆ ಇರುವಾಗಲೇ ಹೊಗೆ ಅಂಟಿಕೊಳ್ಳಬೇಕು. ವಸ್ತುವಿಗೆ 'ಪೀಟ್' ಅಂತಲೇ ಇರಲಿ. ಕೊಕೊಪೀಟ್ ನಮ್ಮ ನರ್ಸರಿಗಳಿಗೆಲ್ಲ ಬಂದಾಗಿದೆ. ಕಲ್ಲಿದ್ದಲಿನ ಹಾಗೆ 'ಜೌಗಿದ್ದಲು' ಅಂತ ಕಟ್ಟಬಹುದು, ಆದರೆ ನನಗೆ ಬೇಕಿರುವುದು ಅದಲ್ಲ, ವಾಸನೆಯ ಪದ.

ನಮ್ಮಲ್ಲಿರುವುದೆಲ್ಲ ಬೈಗುಳವೇ ಅಲ್ವಾ? ಘಾಟು ಮೆಣಸಿನಕಾಯಿ ಒಗ್ಗರಣೆಯದ್ದು, ಮೂಗಿಗೆ ಚುಚ್ಚುವಂಥದ್ದು. ಅದನ್ನು ಮದ್ಯದ ಉರಿಗೆ ಬಳಸಿದೆ, ಹೊಗೆಗಲ್ಲ. ಕಮಟು ಹಳೇ ಎಣ್ಣೆಯದ್ದು. ಕಮರು ಕೂದಲು ಸುಟ್ಟಾಗಿನದ್ದು. ಸೀದ ವಾಸನೆ ಮರೆತು ಬಿಟ್ಟ ಹಾಲಿನದ್ದು. ಮೂರನೇ ಬಾಟಲಿಯ ಒಂದು ಗುಟುಕು ಕುಡಿದ ಗೆಳತಿ ತಡವಿಲ್ಲದೆ 'ಫಿನಾಯಿಲ್' ಅಂದಳು. ಎಲ್ಲರೂ ನಕ್ಕೆವು, ಆದರೆ ಅವಳು ಹೇಳಿದ್ದು ಸುಳ್ಳಲ್ಲ. ಪೀಟ್ ಹೊಗೆಯ ವಾಸನೆ ಅಂದರೆ ಫೀನಾಲ್, ಕ್ರೆಸಾಲ್, ಗ್ವಾಯಕಾಲ್ ಅನ್ನುವ ರಾಸಾಯನಿಕಗಳದ್ದು. ಡಾಂಬರಿನಿಂದ ಮಾಡುತ್ತಿದ್ದ ಕಪ್ಪು ಫಿನಾಯಿಲ್‌ನಲ್ಲೂ ಇದೇ ಬಳಗ. ಹಾಗಂತ ಹೊಗಳುವ ಸಾಲಿನಲ್ಲಿ ಫಿನಾಯಿಲ್ ಅಂತ ಬರೆಯಲು ಕೈ ಬರಲಿಲ್ಲ.

ಆಮೇಲೆ ಒಂದು ಹೊಳೆಯಿತು. 'ಸುಟ್ಟ' ಬೈಗುಳವಲ್ಲ. ಸುಟ್ಟ ಬದನೆಕಾಯಿ, ಸುಟ್ಟ ಹಪ್ಪಳ, ಸುಟ್ಟ ಜೋಳದ ತೆನೆ, ಎಲ್ಲ ಬಾಯಲ್ಲಿ ನೀರೂರಿಸುವಂಥವು. ಸುಟ್ಟದ್ದು ನಾವು ಬೇಕಂತಲೇ. ಸೀದದ್ದು ತಾನಾಗೇ, ನಮ್ಮ ಕಣ್ಣು ತಪ್ಪಿಸಿ. ಹೊಗೆಗೂ ಇಂಥ ಜೋಡಿ ಇರಬೇಕಲ್ಲ? 'ಹೊಗೆ ಹಿಡಿದ ಅನ್ನ' ಅನ್ನುವುದು ತಾನಾಗೇ ಆದದ್ದು, ಕೆಟ್ಟದ್ದು. ಬೇಕಂತ ಮಾಡುವುದಕ್ಕೆ 'ಹೊಗೆ ಹಾಕು' ಇದೆ. ಬಾಳೆಗೊನೆಗೆ ಹೊಗೆ ಹಾಕಿ ಹಣ್ಣು ಮಾಡುತ್ತೇವೆ. ಹಾಗಾದರೆ 'ಹೊಗೆ ಹಾಕಿದ ವಿಸ್ಕಿ' ಎಂದು ಬರೆದೆ. ಬೆಂಗಳೂರಿನ ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ. 'ಹೊಗೆ ಹಾಕಿಸ್ಕೊಂಡ' ಅಂದರೆ ಅವರಲ್ಲಿ ಸತ್ತ ಅಂತ!

ಸದ್ಯಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ 'ಹೊಗೆ ಉಣಿಸಿದ' ಅಂತಿದೆ, ನೀರುಣಿಸು ಇದ್ದ ಹಾಗೆ. ಅರ್ಥ ಕೂತಿದೆ, ಆದರೆ ಯಾರೂ ಮಾತಿನಲ್ಲಿ ಹೇಳುವುದಿಲ್ಲ. 'ಹೊಗೆಗಂಪು' ಅಂತ ಒಬ್ಬರು ಸೂಚಿಸಿದರು, ಅದು ನನಗೆ ಊದುಬತ್ತಿ ಪ್ಯಾಕೆಟ್ಟಿನ ಮಾತಿನ ಥರ ಕೇಳಿಸಿತು.

ಮಲೆನಾಡಿನವರು, ಕರಾವಳಿಯವರು ಹೇಳಿ. ಒಲೆ ಮೇಲಿನ ಅಟ್ಟದಲ್ಲಿಟ್ಟ ಪದಾರ್ಥಕ್ಕೆ ಹದವಾಗಿ ಹೊಗೆ ಹತ್ತಿದಾಗ, ಚೆನ್ನಾಗಿದೆ ಅನ್ನುವ ಅರ್ಥದಲ್ಲಿ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ಇನ್ನೊಂದು: ಬೆಂಗಳೂರಿನ ಅಮೃತ್ ಡಿಸ್ಟಿಲರಿಗೆ ಪೀಟ್ ಹೊಗೆಯ ಬಾರ್ಲಿ ಸ್ಕಾಟ್ಲೆಂಡಿನಿಂದಲೇ ಬರುತ್ತದೆ. ಅವರ ಫ್ಯೂಷನ್ ಅನ್ನುವ ವಿಸ್ಕಿಯಲ್ಲಿ ಅದನ್ನು ನಮ್ಮ ದೇಶದ ಬಾರ್ಲಿಯ ಜೊತೆ ಬೆರೆಸುತ್ತಾರೆ. ಅಲ್ಲಿ ಕೆಲಸ ಮಾಡುವವರು ಎರಡೂ ಬಾರ್ಲಿಯನ್ನು ದಿನಾ ಮೂಸುತ್ತಾರಲ್ಲ, ಈ ಹೊಗೆಯದ್ದಕ್ಕೆ ತಮ್ಮತಮ್ಮಲ್ಲಿ ಏನಂತ ಕರೆಯುತ್ತಾರೋ? ಗೊತ್ತಿರುವವರು ಇಲ್ಲಿದ್ದರೆ ಬರೆಯಿರಿ.