ಕೆಲಸ ಬಿಡದೆ ಒಂದೂವರೆ ಎಕರೆಯಲ್ಲಿ ಮನೆಗೆ ಬೇಕಾದ್ದನ್ನು ಎಷ್ಟು ಬೆಳೆದುಕೊಳ್ಳಬಹುದು? (ಪೆರ್ಲ ಕಡೆ)

ಗುಡ್ಡೆಯ ಬುಡ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಜಾಗ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಹತ್ತಿರ, ಒಂದೂವರೆ ಎಕರೆ. ಅಡಿಕೆ 400 ಮರ, ತೆಂಗು 22, ಹಡಿಲು (ಬೇಸಾಯ ಇಲ್ಲದೆ) ಬಿದ್ದ ಗದ್ದೆ 30 ಸೆಂಟ್. ನೀರು ಸುರಂಗದ್ದು (ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದದ್ದು). ಮನೆಯಲ್ಲಿ ನಾಲ್ಕು ಜನ. ಉದ್ಯೋಗ ಮಂಗಳೂರಿನ ಕಂಪೆನಿಯಲ್ಲಿ, ವಾರಕ್ಕೆ ಎರಡು ದಿನ ಆಫೀಸು, ಮೂರು ದಿನ ಮನೆಯಿಂದಲೇ. ಸಂಬಳ ಬಿಡುವ ಯೋಚನೆ ಇಲ್ಲ. ತೋಟಕ್ಕೆ ಸಿಗುವುದು ದಿನಕ್ಕೆ ಎರಡು ಗಂಟೆ, ಶನಿವಾರ ಭಾನುವಾರ ಐದೈದು ಗಂಟೆ.

ಅಕ್ಕಿ, ತರಕಾರಿ, ಹಾಲು, ತೆಂಗಿನೆಣ್ಣೆ, ಅಡುಗೆಗೆ ಗೋಬರ್ ಗ್ಯಾಸ್ ಇಷ್ಟೂ ಮನೆಯದ್ದೇ ಆಗಬೇಕೆಂದು ಆಸೆ. ಎಲ್ಲ ಆಗಲಿಕ್ಕಿಲ್ಲ ಎಂದು ಗೊತ್ತುಂಟು. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ಎರಡು ಹಸು ಕಟ್ಟಿದರೆ ಗ್ಯಾಸ್ ಸಿಲಿಂಡರ್ ಬೇಡವಾಗಬಹುದೇ? ಲೆಕ್ಕ ಗೊತ್ತಿದ್ದವರು ಹೇಳಿ.

ತೋಟದ ಕಣಿ ಉತ್ತರ:

ವಾರಕ್ಕೆ ಒಟ್ಟು 20 ಗಂಟೆ ಆಯಿತು. ರೂಪಾಯಿ ಲೆಕ್ಕ ಆಮೇಲೆ ಹಾಕಿ, ಮೊದಲು ಈ 20 ಗಂಟೆಯ ಲೆಕ್ಕ. ತೋಟದ ಕೆಲಸದಲ್ಲಿ ನಿಮಗಾಗಿ ಕಾಯುವಂಥದ್ದು ಕೆಲವು, ಕಾಯದೇ ಇರುವಂಥದ್ದು ಕೆಲವು. ಒಣಗಿದ ತೆಂಗಿನಕಾಯಿ ಶನಿವಾರದವರೆಗೆ ಕಾಯುತ್ತದೆ, ಸುವರ್ಣಗೆಡ್ಡೆ ಮಣ್ಣಿನೊಳಗೆ ತಿಂಗಳುಗಟ್ಟಲೆ ಕಾಯುತ್ತದೆ. ಹಾಲು ಕರೆಯುವುದು, ನೇಜಿ (ಭತ್ತದ ಸಸಿ) ನೆಡುವುದು, ಅಡಿಕೆಗೆ ಕೊಳೆರೋಗದ ಮದ್ದು ಬಿಡುವುದು ಕಾಯುವುದಿಲ್ಲ. ಸಂಬಳದ ಕೆಲಸ ಇದ್ದವರು ಕಾಯದ ಕೆಲಸಗಳಲ್ಲಿ ಒಂದೋ ಎರಡೋ ಮಾತ್ರ ಹಿಡಿಯಬಹುದು. ಅಡಿಕೆ ಇರುವ ಕಾರಣ ಮದ್ದು ಬಿಡುವುದು ನಿಮ್ಮ ತಲೆಯ ಮೇಲೆ ಆಗಲೇ ಉಂಟು. ಇನ್ನೊಂದಕ್ಕೆ ಮಾತ್ರ ಜಾಗ.

ಅಕ್ಕಿ ಬಿಡಿ. 30 ಸೆಂಟಿನಲ್ಲಿ ಚೆನ್ನಾಗಿ ಬಂದರೆ ನಾಲ್ಕೂವರೆ ಕ್ವಿಂಟಾಲ್ ಭತ್ತ, ಕುಟ್ಟಿಸಿದರೆ 290 ಕಿಲೊ ಅಕ್ಕಿ. ಎರಡು ಹೊತ್ತು ಕುಚ್ಚಲಕ್ಕಿ ಉಣ್ಣುವ ನಾಲ್ಕು ಜನರಿಗೆ ವರ್ಷಕ್ಕೆ 400 ಕಿಲೊ ಆಸುಪಾಸು ಬೇಕು. ಅಂದರೆ ಅಷ್ಟೆಲ್ಲ ಒದ್ದಾಡಿದ ಮೇಲೂ ಮೂರು ತಿಂಗಳು ಅಂಗಡಿಯದ್ದೇ ಗತಿ. ಏಣೆಲಿನ (ಮಳೆಗಾಲದ ಬೆಳೆಯ) ನೇಜಿ ನೆಡುವ ಹೊತ್ತಿಗೆ ಜನ ಸಿಗುವುದಿಲ್ಲ, ತೆನೆ ಬರುವ ಹೊತ್ತಿಗೆ ಹಂದಿಯೂ ನವಿಲೂ ಬರುತ್ತವೆ. ಗದ್ದೆಯನ್ನು ಮಳೆಗಾಲದಲ್ಲಿ ಹಾಗೇ ಬಿಟ್ಟು, ನವೆಂಬರ್‌ನಲ್ಲಿ ಒಂದು ಸಲ ಉತ್ತು, ಸೌತೆ, ಅಲಸಂಡೆ, ಕುಂಬಳ, ಹರಿವೆ ಹಾಕಿ. ಮಣ್ಣು ತುಂಬಿಸಿ ಅಡಿಕೆ ನೆಡುವ ಆಲೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಗದ್ದೆಯ ರೂಪ ಬದಲಿಸುವುದಕ್ಕೆ ಕೇರಳದ 2008ರ ಗದ್ದೆ ಮತ್ತು ತೇವಭೂಮಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ.

ತೆಂಗಿನೆಣ್ಣೆ ಖಂಡಿತ ಹಿಡಿಯಿರಿ. ಊರ ತಳಿಯ ಮರಕ್ಕೆ ವರ್ಷಕ್ಕೆ 60 ಕಾಯಿ ಹಿಡಿದರೂ 22 ಮರಕ್ಕೆ 1,300 ಆಯಿತು. ಅಡುಗೆಗೆ ದಿನಕ್ಕೊಂದು, ಉಳಿದದ್ದು ಕೊಬ್ಬರಿಗೆ. ಆರೇಳು ಕಾಯಿಗೆ ಒಂದು ಕಿಲೊ ಕೊಬ್ಬರಿ, ಒಂದೂವರೆ ಕಿಲೊ ಕೊಬ್ಬರಿಗೆ ಒಂದು ಲೀಟರ್ ಎಣ್ಣೆ. ಲೀಟರಿಗೆ ಹತ್ತು ಕಾಯಿ ಎಂದು ನೆನಪಿಟ್ಟರೆ ಸಾಕು. ತಿಂಗಳಿಗೆ ಎರಡೂವರೆ ಲೀಟರ್ ಖರ್ಚಾಗುವ ಮನೆಗೆ ವರ್ಷಕ್ಕೆ 300 ಕಾಯಿ. ಕೊಬ್ಬರಿ ಮಾಡುವುದು ಜನವರಿಯಿಂದ ಮಾರ್ಚ್ ಒಳಗೆ, ಏಳೆಂಟು ದಿನ ಒಳ್ಳೆ ಬಿಸಿಲಿನಲ್ಲಿ. ಮುರಿದರೆ ಟಕ್ ಎಂದು ಸದ್ದು ಬರಬೇಕು. ಬಾಗಿದರೆ ಒಳಗೆ ನೀರು ಉಂಟು ಎಂದೇ ಅರ್ಥ, ಅಂಥ ಕೊಬ್ಬರಿಯ ಎಣ್ಣೆ ಎರಡೇ ತಿಂಗಳಿಗೆ ಕನರು ವಾಸನೆ ಬರುತ್ತದೆ. ಮಿಲ್ಲಿನಿಂದ ತಂದ ಎಣ್ಣೆಯನ್ನು ಒಂದು ವಾರ ಅಲ್ಲಾಡಿಸದೆ ಇಟ್ಟು, ಮೇಲಿನ ತಿಳಿಯನ್ನು ಮಾತ್ರ ಪೂರ್ತಿ ಒಣಗಿದ ಪಾತ್ರೆಗೆ ಬಗ್ಗಿಸಿ.

ತರಕಾರಿಯಲ್ಲಿ ಸಮಯ ತಿನ್ನದವನ್ನು ಮೊದಲು ನೆಡಿ. ಬಚ್ಚಲಿನ ನೀರು ಹೋಗುವಲ್ಲಿ ಬಸಳೆ ಚಪ್ಪರ, ಕೆಸು, ನುಗ್ಗೆ. ಕುಂಭ ತಿಂಗಳಿನಲ್ಲಿ (ಫೆಬ್ರವರಿ–ಮಾರ್ಚ್) ಸುವರ್ಣಗೆಡ್ಡೆ: ಎರಡಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ, ತರಗೆಲೆ, ಹಟ್ಟಿಗೊಬ್ಬರ, ಮೊಳಕೆಯ ಭಾಗ ಇರುವ ಒಂದು ಕಿಲೊ ತುಂಡು. ತುಂಡನ್ನು ಸೆಗಣಿ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿಯೇ ನೆಡಬೇಕು, ಇಲ್ಲದಿದ್ದರೆ ಕೊಳೆಯುತ್ತದೆ. ಎಂಟೊಂಬತ್ತು ತಿಂಗಳಿಗೆ ಗೆಡ್ಡೆ. ಗೆಡ್ಡೆಯ ಸಾಲು ಮನೆಯಂಗಳದಿಂದ ಕಣ್ಣಿಗೆ ಬೀಳುವಷ್ಟು ಹತ್ತಿರ ಇರಲಿ, ಗುಡ್ಡೆಯ ಬದಿಗೆ ಹಾಕಿದರೆ ಹಂದಿಗೆ ಹಾಕಿದ ಹಾಗೆ. ಬೆಂಡೆ, ಮುಳ್ಳುಸೌತೆ, ಪಡುವಲದ ಬೀಜ ಪತ್ತನಾಜೆ (ಮೇ ಕೊನೆ) ಆಸುಪಾಸಿನಲ್ಲಿ ಏರು ಮಡಿಯಲ್ಲಿ ಬಿತ್ತಿ. ಸಪಾಟು ನೆಲಕ್ಕೆ ಬಿತ್ತಿದರೆ ಜೂನಿನ ಮೊದಲ ಜೋರು ಮಳೆಗೆ ಬುಡ ಕೊಳೆತು ಹೋಗುತ್ತದೆ. ಬೇಸಗೆಯ ಸೌತೆಕಾಯಿಯನ್ನು ತೊಟ್ಟು ಸಮೇತ ಕೊಯ್ದು ಬಾಳೆ ಬಳ್ಳಿಯಲ್ಲಿ ಕಟ್ಟಿ ಅಟ್ಟದಡಿ ನೇತುಹಾಕಿದರೆ ಮಳೆಗಾಲಕ್ಕೂ ಸಾಂಬಾರಿಗೆ ಒದಗುತ್ತದೆ.

ಮದಕ ಉತ್ತರ:

ಮಾರಾಯ್ರೆ, ಗಿಡದ ಮಾತು ಆಮೇಲೆ. ಸುರಂಗದ ನೀರು ಅಳೆದಿದ್ದೀರಾ? ಏಪ್ರಿಲ್ ಕೊನೆಗೆ 10 ಲೀಟರಿನ ಬಕೆಟ್ ಹಿಡಿದು ತುಂಬಲು ಎಷ್ಟು ಹೊತ್ತು ಎಂದು ನೋಡಿ. ಡಿಸೆಂಬರಿನಲ್ಲಿ ಅಳೆದ ಲೆಕ್ಕ ನಂಬಿ ಪೈಪ್ ಹಾಕಿದವರು ಮೇ ತಿಂಗಳಲ್ಲಿ ಆಕಾಶ ನೋಡುತ್ತಾರೆ.

ಎರಡು ನಿಮಿಷಕ್ಕೆ ಬಕೆಟ್ ತುಂಬಿತು ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 5 ಲೀಟರ್, ದಿನಕ್ಕೆ 7,200. ಡ್ರಿಪ್‌ನಲ್ಲಿ ಅಡಿಕೆಗೆ ದಿನಕ್ಕೆ 16ರಿಂದ 20 ಲೀಟರ್ ಬೇಕು. 16 ಹಿಡಿದರೆ 400 ಮರಕ್ಕೆ 6,400. ಮನೆಗೂ ಹಟ್ಟಿಗೂ 600 ತೆಗೆದರೆ ಉಳಿಯುವುದು 200 ಲೀಟರ್. ತರಕಾರಿಗೆ ಅಷ್ಟೇ. ಹಾಗಾಗಿ ಬೇಸಗೆ ತರಕಾರಿ ಎಷ್ಟು ಸಾಲು ಎಂದು ತೀರ್ಮಾನ ಮಾಡುವುದು ನೀವಲ್ಲ, ಸುರಂಗ.

ಮರಕ್ಕೆ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್ ಹಾಕಿ, ತೋಟವನ್ನು 200 ಮರದ ಎರಡು ಭಾಗ ಮಾಡಿ. ಒಂದು ಭಾಗಕ್ಕೆ ಬೆಳಗ್ಗೆ 5ರಿಂದ 7, ಇನ್ನೊಂದಕ್ಕೆ ಸಂಜೆ 5ರಿಂದ 7. ಒಂದು ಸರದಿಗೆ 3,200 ಲೀಟರ್ ಹೋಗುತ್ತದೆ, ಮುಂದಿನ ಸರದಿಯೊಳಗೆ ಸುರಂಗದಿಂದ 3,600 ಬರುತ್ತದೆ. 5,000 ಲೀಟರಿನ ಟ್ಯಾಂಕಿ ಸಾಕು. ಡ್ರಿಪ್ಪರ್ ಸರಿಯಾಗಿ ಹನಿಯಬೇಕಾದರೆ ಟ್ಯಾಂಕಿ ತೋಟಕ್ಕಿಂತ 10 ಮೀಟರ್ ಮೇಲೆ ಇರಬೇಕು. ಅಷ್ಟು ಎತ್ತರ ಇಲ್ಲದಿದ್ದರೆ ಡ್ರಿಪ್ಪರ್ ಬದಲು ಮೈಕ್ರೋಟ್ಯೂಬ್ (ಸಪೂರ ನಳಿಗೆ) ಹಾಕಿ, ಉದ್ದ ಹೆಚ್ಚು ಕಡಿಮೆ ಮಾಡಿ ನೀರು ಸಮ ಮಾಡಿಕೊಳ್ಳಿ.

ನಿಮ್ಮ ಹಾಗೆ ಆಫೀಸಿಗೆ ಹೋಗುವವರು ಬ್ಯಾಟರಿ ಟೈಮರ್ ಹಾಕಿಸುತ್ತಾರೆ, ಒಳ್ಳೆಯದೇ. ಆದರೆ ಅಂಗಡಿಯಲ್ಲಿ ಸಿಗುವ ಎಷ್ಟೋ ಟೈಮರ್‌ಗಳ ಒಳಗಿರುವುದು ಡಯಾಫ್ರಮ್ ವಾಲ್ವ್. ಪೈಪಿನಲ್ಲಿ ಒತ್ತಡ ಇಲ್ಲದಿದ್ದರೆ ಅದು ಸರಿಯಾಗಿ ತೆರೆಯುವುದಿಲ್ಲ, ಮುಚ್ಚುವುದೂ ಇಲ್ಲ. ರಾತ್ರಿಯಿಡೀ ಸೋರಿ ಟ್ಯಾಂಕಿ ಖಾಲಿಯಾದದ್ದು ಬೆಳಗ್ಗೆ ಗೊತ್ತಾಗುತ್ತದೆ. ಗುರುತ್ವದ ನೀರಿಗೆ ಬಾಲ್ ವಾಲ್ವ್ ಇರುವ ಟೈಮರ್ ಎಂದೇ ಕೇಳಿ ತೆಗೆದುಕೊಳ್ಳಿ. ಟ್ಯಾಂಕಿಯ ಬಾಯಲ್ಲಿ ಡಿಸ್ಕ್ ಫಿಲ್ಟರ್ ಇರಲಿ, ವಾರಕ್ಕೊಮ್ಮೆ ತೊಳೆಯಿರಿ. ತಿಂಗಳಿಗೊಮ್ಮೆ ಮರದ ಸಾಲಿಗೆ ಹೋಗುವ ಲ್ಯಾಟರಲ್ ಪೈಪುಗಳ ತುದಿ ಬಿಚ್ಚಿ ಕೆಂಪು ಕೆಸರು ಹೊರಗೆ ಹೋಗುವವರೆಗೆ ನೀರು ಬಿಡಿ.

ಮೇ ತಿಂಗಳಲ್ಲಿ ನೀರು ನಿಮಿಷಕ್ಕೆ 3 ಲೀಟರಿಗೆ ಇಳಿದರೆ ಮೊದಲು ತರಕಾರಿ ನಿಲ್ಲಿಸಿ. ಆಮೇಲೆ ಅಡಿಕೆಗೆ ಸರದಿ ಒಂದು ಗಂಟೆಗೆ ಇಳಿಸಿ, ದಿನ ಬಿಟ್ಟು ದಿನ ಬೇಡ. ಬುಡಕ್ಕೆ ಸೋಗೆ ದಪ್ಪಗೆ ಹೊದೆಸಿದ್ದರೆ ತಡೆದುಕೊಳ್ಳುತ್ತದೆ.

ಹಟ್ಟಿಗೊಬ್ಬರ ಉತ್ತರ:

ಹಾಲಿನ ವಿಷಯದಲ್ಲಿ ಕಣಿ ಅಣ್ಣನ ಮಾತು ಅರ್ಧ ಒಪ್ಪುತ್ತೇನೆ. ಹಾಲು ಕಾಯದ ಕೆಲಸ ಹೌದು, ಆದರೆ ಅದು ಜೆರ್ಸಿಯ ಮಟ್ಟಿಗೆ. ಕಾಸರಗೋಡು ಗಿಡ್ಡ ತಳಿಯಾದರೆ ಒಂದು ಹೊತ್ತು ಮಾತ್ರ ಕರೆದು, ಹಗಲಿಡೀ ಕರುವನ್ನು ತಾಯಿಯ ಜೊತೆ ಬಿಡಬಹುದು. ರಾತ್ರಿ ಕರು ಬೇರೆ ಕಟ್ಟಿ ಬೆಳಗ್ಗೆ ಕರೆದರೆ ಒಂದು ಲೀಟರ್ ಸಿಗುತ್ತದೆ. ಸಂಜೆ ಬಸ್ಸು ತಡವಾದರೆ ಆಕಾಶ ಕಳಚಿ ಬೀಳುವುದಿಲ್ಲ. ಹಿಂಡಿಯ ಆಸೆ ಕಡಿಮೆ, ಗುಡ್ಡೆಯ ಹುಲ್ಲು, ಬೈಹುಲ್ಲು, ಕತ್ತರಿಸಿದ ಅಡಿಕೆ ಹಾಳೆ ಇಷ್ಟರಲ್ಲೇ ನಡೆಯುತ್ತದೆ. ಬದಿಯಡ್ಕ ಹತ್ತಿರದ ಬೇಳದಲ್ಲಿ ಈ ತಳಿಗೆಂದೇ ಸರಕಾರಿ ಫಾರ್ಮ್ ಉಂಟು, ಹೋಗಿ ನೋಡಿಕೊಂಡು ಬನ್ನಿ.

ಎರಡು ಹಸು ಕಟ್ಟುವುದಾದರೆ ಕರು ಹಾಕುವುದರ ನಡುವೆ ಆರು ತಿಂಗಳ ಅಂತರ ಇರಲಿ. ಗಬ್ಬ ಒಂಬತ್ತು ತಿಂಗಳು ಚಿಲ್ಲರೆ, ಕೊನೆಯ ಎರಡು ತಿಂಗಳು ಹೇಗೂ ಕರೆಯುವ ಹಾಗಿಲ್ಲ. ಎರಡಕ್ಕೂ ಒಟ್ಟಿಗೆ ಗಬ್ಬ ಕಟ್ಟಿಸಿದರೆ ಒಟ್ಟಿಗೆ ಬತ್ತುತ್ತವೆ, ಮತ್ತೆ ಪ್ಯಾಕೆಟ್ ಹಾಲು. ಹಟ್ಟಿಗೆ ದಿನಕ್ಕೆ ಒಂದು ಗಂಟೆ ಎಂದು ಬರೆದಿಡಿ. ನೀವು ಊರಲ್ಲಿ ಇಲ್ಲದಾಗ ಕರೆಯುವ ಇನ್ನೊಂದು ಕೈ ಮನೆಯಲ್ಲೇ ಇರಬೇಕು, ಹಸುವಿಗೆ ಆ ಕೈಯ ಪರಿಚಯ ಮೊದಲೇ ಆಗಿರಬೇಕು.

ಈಗ ಗ್ಯಾಸ್. ಎಲ್ಲರೂ ಎಡವುವುದು ಇಲ್ಲಿ. ನಾಲ್ಕು ಜನರ ಮನೆಗೆಂದು 2 ಘನ ಮೀಟರಿನ ಗುಂಡಿ ಕಟ್ಟಿಸುತ್ತಾರೆ, ಅದಕ್ಕೆ ದಿನಕ್ಕೆ 50 ಕಿಲೊ ಸೆಗಣಿ ಬೇಕು. ಗಿಡ್ಡ ಹಸು ಹಾಕುವುದು ಐದಾರು ಕಿಲೊ, ಎರಡಕ್ಕೆ ಸೇರಿ 10–12. ಗುಂಡಿ ಹಸಿದುಕೊಂಡೇ ಇರುತ್ತದೆ, ಒಲೆ ಹತ್ತು ನಿಮಿಷ ಉರಿದು ಆರುತ್ತದೆ. ಲೆಕ್ಕ ಹೀಗೆ: 25 ಕಿಲೊ ಸೆಗಣಿಗೆ ಒಂದು ಘನ ಮೀಟರ್ ಗ್ಯಾಸ್, ಅದು 450 ಗ್ರಾಂ ಸಿಲಿಂಡರ್ ಗ್ಯಾಸಿಗೆ ಸಮ. 14.2 ಕಿಲೊ ಸಿಲಿಂಡರ್ 42 ದಿನ ಬರುವ ಮನೆಗೆ ದಿನಕ್ಕೆ ಮುಕ್ಕಾಲು ಘನ ಮೀಟರ್ ಬೇಕು. ನಿಮ್ಮ ಎರಡು ಗಿಡ್ಡದಿಂದ ಸಿಗುವುದು ಅರ್ಧ ಘನ ಮೀಟರಿಗಿಂತ ತುಸು ಕಡಿಮೆ. ಒಂದು ಘನ ಮೀಟರಿನ ಗುಂಡಿ ಕಟ್ಟಿಸಿ, ಸೆಗಣಿಯಷ್ಟೇ ನೀರು ಬೆರೆಸಿ ಹಾಕಿ, ಜೊತೆಗೆ ಅಡುಗೆಮನೆಯ ಕಸ. ಸಿಲಿಂಡರ್ ಎರಡು ಪಟ್ಟು ದಿನ ಬಂದೀತು, ಪೂರ್ತಿ ತಪ್ಪುವುದಿಲ್ಲ. ಲಿಂಬೆ ಸಿಪ್ಪೆ ಹಾಕಬೇಡಿ, ಹುಳಿ ಬಂದ ಗಂಜಿಯನ್ನು ಬಕೆಟುಗಟ್ಟಲೆ ಸುರಿಯಬೇಡಿ. ಹುಳಿ ಹೆಚ್ಚಾದರೆ ಗ್ಯಾಸ್ ಬಂದರೂ ಉರಿಯುವುದಿಲ್ಲ. ಹಾಗಾದರೆ ಒಂದು ವಾರ ಕಸ ನಿಲ್ಲಿಸಿ ಸೆಗಣಿ ಮಾತ್ರ ಹಾಕಿ.

ಗುಡ್ಡೆಯ ಬುಡ:

ಒಳ್ಳೆ ಲೆಕ್ಕ ಕೊಟ್ಟಿರಿ, ಉಪಕಾರ ಆಯಿತು. ಅಕ್ಕಿ ಬಿಟ್ಟೆ. ಗಿಡ್ಡ ಎರಡು, ಗುಂಡಿ ಒಂದು ಘನ ಮೀಟರ್. ಇನ್ನೆರಡು ಸಂಶಯ. ಮದ್ದು ಬಿಡಲು ರಜೆ ಯಾವಾಗ ಹಾಕುವುದು? ಮಳೆಗಾಲದಲ್ಲಿ ಕರೆಂಟ್ ಹೋದರೆ ಆಫೀಸ್ ಕೆಲಸಕ್ಕೆ ಸೋಲಾರ್ ಸಾಕಾ?

ತಂತಿಬೇಲಿ ಉತ್ತರ:

ಸೋಲಾರ್ ಬಗ್ಗೆ ಮಾತ್ರ ಹೇಳುತ್ತೇನೆ. ಮಾಡಿನ ಮೇಲೆ ಹಾಕಿ ಲೈನಿಗೆ ಸೇರಿಸುವ ಸೋಲಾರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ, ಲೈನಿನಲ್ಲಿ ಕೆಲಸ ಮಾಡುವವರಿಗೆ ಶಾಕ್ ಹೊಡೆಯದಿರಲಿ ಎಂದು ಹಾಗೆ ಮಾಡಿದ್ದು. ಬಿಲ್ಲು ಕಡಿಮೆಯಾಗುತ್ತದೆ, ಮೀಟಿಂಗ್ ಉಳಿಯುವುದಿಲ್ಲ. ನಿಮಗೆ ಬೇಕಾದ್ದು ಬ್ಯಾಟರಿ. ಲ್ಯಾಪ್‌ಟಾಪ್ 60 ವ್ಯಾಟ್, ರೂಟರ್ 10, ಕರೆಂಟ್ ಕಡಿಮೆ ತಿನ್ನುವ ಬಿಎಲ್‌ಡಿಸಿ ಫ್ಯಾನ್ 30, ದೀಪ 10, ಒಟ್ಟು 110. 150 ಆಂಪಿಯರ್-ಅವರ್, 12 ವೋಲ್ಟಿನ ಟ್ಯೂಬುಲರ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಇದ್ದರೂ ಅರ್ಧ ಮಾತ್ರ ಬಳಸಬೇಕು, ಇಲ್ಲವಾದರೆ ಆಯುಸ್ಸು ಕಡಿಮೆ. ಇನ್‌ವರ್ಟರ್ ತಿನ್ನುವುದು ಕಳೆದರೆ 750 ಸಿಗುತ್ತದೆ. ಆರೂವರೆ ಗಂಟೆ ಧೈರ್ಯವಾಗಿ ಕೂರಬಹುದು. ಅದೇ ಬ್ಯಾಟರಿಗೆ ಮಿಕ್ಸಿ ಹಾಕಿದರೆ ಲೆಕ್ಕ ತಲೆಕೆಳಗಾಗುತ್ತದೆ.

ಸಿಡಿಲು ಮರೆಯಬೇಡಿ. ಏಪ್ರಿಲ್–ಮೇಯ ಗುಡುಗು ಮಳೆಗೂ ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಮಳೆಗೂ ರೂಟರ್ ಮೊದಲ ಬಲಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಇಡಬೇಕು. ನಮ್ಮ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗುವ ಕಾರಣ ಅರ್ತಿಂಗ್ ಹಿಡಿಯುವುದಿಲ್ಲ, ಗುಂಡಿಗೆ ವಾರಕ್ಕೆರಡು ಬಕೆಟ್ ನೀರು ಹೊಯ್ಯಿರಿ.

ತೋಟದ ಕಣಿ ಉತ್ತರ:

ಮದ್ದಿಗೆ ಇಂಥದ್ದೇ ದಿನ ಎಂದು ರಜೆ ಹಾಕಬೇಡಿ. ಮೇ ಕೊನೆಯ ವಾರದಿಂದ ಜೂನ್ ಮೊದಲ ವಾರದೊಳಗೆ ಮೂರು ದಿನ ಯಾವಾಗ ಬೇಕಾದರೂ ತೆಗೆಯುವ ಹಾಗೆ ಮೊದಲೇ ಹೇಳಿಡಿ. ಅಲ್ಲಿಂದ 40–45 ದಿನಕ್ಕೆ ಎರಡನೆಯದು, ಅಂದರೆ ಆಟಿ ತಿಂಗಳು ಶುರುವಾಗುವ (ಜುಲೈ ಮಧ್ಯದ) ಹೊತ್ತಿಗೆ ಬಿಸಿಲು ಮೂಡಿದ ದಿನ. ಆಮೇಲೂ ಮಳೆ ಬಿಡದೆ ಹೊಯ್ದರೆ ಮೂರನೆಯದೂ ಬೇಕಾದೀತು. ಮದ್ದು ಬಿಡುವವರಿಗೆ ವಿಷು (ಏಪ್ರಿಲ್ ಮಧ್ಯ) ಕಳೆದ ಕೂಡಲೇ ಹೇಳಿ. ಅವರು ಬರುವ ದಿನ ನಿಮ್ಮ ರಜೆಯಲ್ಲ, ಅವರ ದಿನ.

200 ಲೀಟರಿನ ಡ್ರಮ್ಮಿಗೆ 2 ಕಿಲೊ ಮೈಲುತುತ್ತು (ತಾಮ್ರದ ಸಲ್ಫೇಟ್), 2 ಕಿಲೊ ಸುಣ್ಣ. ಪ್ಲಾಸ್ಟಿಕ್ ಪಾತ್ರೆಯೇ ಆಗಬೇಕು. ತುತ್ತನ್ನು ಹಿಂದಿನ ರಾತ್ರಿ ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಟ್ಟರೆ ಬೆಳಗ್ಗೆ ಕರಗಿರುತ್ತದೆ, ಆಫೀಸಿನವರಿಗೆ ಅರ್ಧ ಗಂಟೆ ಉಳಿತಾಯ. ಸುಣ್ಣದ ನೀರಿಗೆ ತುತ್ತಿನ ನೀರನ್ನು ನಿಧಾನ ಹೊಯ್ಯುತ್ತಾ ಕದಡಿ, ತುತ್ತಿನ ನೀರಿಗೆ ಸುಣ್ಣದ ನೀರು ಹೊಯ್ಯಬೇಡಿ. ಹೊಳೆಯುವ ಕಬ್ಬಿಣದ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ನೋಡಿ, ಕೆಂಪು ಕೂತರೆ ಸುಣ್ಣ ಇನ್ನೂ ಬೇಕು. ಕಳೆದ ವರ್ಷದ ಬಾಯಿ ಬಿಚ್ಚಿದ ಚೀಲದ ಸುಣ್ಣ ಗಾಳಿಗೆ ಸತ್ತಿರುತ್ತದೆ, ಎಷ್ಟು ಹಾಕಿದರೂ ಕೆಂಪು ಹೋಗುವುದಿಲ್ಲ, ಹಾಗೇ ಬಿಟ್ಟರೆ ಎಳೆ ಕಾಯಿ ಸುಡುತ್ತದೆ. ಬೆರೆಸಿದ್ದನ್ನು ಅದೇ ದಿನ ಮುಗಿಸಿ. ಮಧ್ಯಾಹ್ನದ ಮೇಲೆ ಮೋಡ ಕಂಡರೆ ಮುಂದಿನ ಡ್ರಮ್ ಬೆರೆಸಲೇಬೇಡಿ.