ಹಳೆಯ ಫ್ರೆಂಚ್ ನೋಟು: ಕಾಗದ ಸಂರಕ್ಷಕರಿಗೆ ನಿಮ್ಮ ಪ್ರಶ್ನೆ

ಧಾರವಾಡ: ನಮಸ್ಕಾರ ಮೇಡಂ. ಲಿಯೋನ್‌ನಲ್ಲಿ ಓದುವ ಮಗಳು ಅಲ್ಲಿನ ಹಳೆ ಸಾಮಾನಿನ ಸಂತೆಯಿಂದ ಒಂದು ನೋಟು ತಂದಿದ್ದಾಳೆ. ‘ಬ್ಯಾಂಕ್ ದ ಲಿಯೋನ್, 250 ಫ್ರಾಂಕ್, 1851’ ಎಂದಿದೆ. ಮೂಲೆಯಲ್ಲಿ ಕಂದು ಕಲೆ. ತೆಗೆಯೋದು ಹೇಗೆ?

ಮೈಸೂರು: ನಿಂಬೆರಸ ಹಚ್ಚಿ ಇಸ್ತ್ರಿ ಹಾಕಿ ಸರ್. ವಾಟ್ಸಾಪಿನಲ್ಲಿ ಬಂದಿತ್ತು, ಹೊಸ ನೋಟಿನಂತಾಗುತ್ತಂತೆ.

ಸಂರಕ್ಷಕಿ: ದಯವಿಟ್ಟು ಬೇಡ. ಹುಳಿ ಕಾಗದದ ನಾರನ್ನು ತಿನ್ನುತ್ತದೆ, ಕಾವು ಅದನ್ನು ಪೆಡಸಾಗಿಸುತ್ತದೆ. ಕಲೆ ಹಾಗೇ ಇರಲಿ.

ಧಾರವಾಡದವರೇ, ನನಗೆ ಕಲೆಗಿಂತ ಆ ಇಸವಿಯದೇ ಯೋಚನೆ. ಲಿಯೋನ್ ಬ್ಯಾಂಕು ಶುರುವಾದದ್ದು 1835ರಲ್ಲಿ. ರುವಾನ್, ನಾಂತ್, ಬೋರ್ಡೊ ಅದಕ್ಕೂ ಹಿಂದಿನವು. ಹೀಗೆ ಒಟ್ಟು ಒಂಬತ್ತು ಊರುಗಳಲ್ಲಿ ನೋಟು ಹೊರಡಿಸುವ ಬ್ಯಾಂಕುಗಳಿದ್ದವು. ದಿನಗೂಲಿ ಸುಮಾರು 2 ಫ್ರಾಂಕ್ ಇದ್ದ ಕಾಲ, 250ರ ನೋಟು ಕೂಲಿಯವನ ಕೈಗೆ ಬಂದದ್ದಲ್ಲ, ವ್ಯಾಪಾರಿಯದು. 1848ರ ಕ್ರಾಂತಿಯಾದಾಗ ಜನ ನೋಟು ಕೊಟ್ಟು ನಾಣ್ಯ ಕೇಳಲು ಮುಗಿಬಿದ್ದರು. ಮಾರ್ಚಿಯಲ್ಲಿ ಸರ್ಕಾರ ನಾಣ್ಯ ಕೊಡುವುದನ್ನು ನಿಲ್ಲಿಸಿ, ನೋಟನ್ನೇ ಒಪ್ಪಬೇಕೆಂದಿತು. ಆದರೆ ಊರ ಬ್ಯಾಂಕಿನ ನೋಟಿಗೆ ಆ ಬಲ ಅದರ ಜಿಲ್ಲೆಯೊಳಗೆ ಮಾತ್ರ. ಲಿಯೋನ್ ನೋಟನ್ನು ಪ್ಯಾರಿಸ್ಸಿನವನು ಮುಟ್ಟಬೇಕಿರಲಿಲ್ಲ. ವ್ಯಾಪಾರ ಹೇಗೆ ನಡೆಯಬೇಕು? ಏಪ್ರಿಲ್ 27 ಮತ್ತು ಮೇ 2ರ ಆಜ್ಞೆಗಳಲ್ಲಿ ಒಂಬತ್ತೂ ಬ್ಯಾಂಕುಗಳನ್ನು ಫ್ರಾನ್ಸಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ದ ಫ್ರಾನ್ಸ್‌ಗೆ ಸೇರಿಸಿದರು. ಲಿಯೋನ್ ಬ್ಯಾಂಕೇ 1848ರಲ್ಲಿ ಇಲ್ಲವಾದ ಮೇಲೆ ಅದರ ನೋಟಿನ ಮೇಲೆ 1851 ಎಲ್ಲಿಂದ ಬಂತು? 4 ನಿಮಗೆ 5ರಂತೆ ಕಂಡಿರಬಹುದು. ಇಲ್ಲವೇ ನೋಟೇ ಸುಳ್ಳು. ಎರಡೂ ಬದಿಯ ಫೋಟೊ, ಬೆಳಕಿಗೆ ಹಿಡಿದದ್ದೊಂದು, ಹಾಕಿ.

ತುಮಕೂರು: ನನ್ನಲ್ಲಿ ಚೇಂಬರ್ ಆಫ್ ಕಾಮರ್ಸ್‌ನ 50 ಸೆಂಟೀಮ್ ನೋಟಿದೆ, 1917. ಎಷ್ಟು ಬೆಲೆ?

ಸಂರಕ್ಷಕಿ: ಬೆಲೆ ಹೇಳುವುದಿಲ್ಲ. ಮಹಾಯುದ್ಧದಲ್ಲಿ ಜನ ಬೆಳ್ಳಿ ನಾಣ್ಯ ಬಚ್ಚಿಟ್ಟು ಚಿಲ್ಲರೆ ಇಲ್ಲದಾದಾಗ ಹೊರಡಿಸಿದ್ದು.

ಹುಬ್ಬಳ್ಳಿ: ಫ್ರಾನ್ಸಿನ ಮೊದಲ ಕಾಗದದ ಹಣ ಎಂದರೆ 1789ರ ಕ್ರಾಂತಿಯ ಕಾಲದಲ್ಲಿ ಸರ್ಕಾರ ಹೊರಡಿಸಿದ ಆಸಿಗ್ನಾ.

ಮಂಗಳೂರು: ತಪ್ಪು. ಸ್ಕಾಟ್ಲೆಂಡಿನ ಜಾನ್ ಲಾ 1716ರಲ್ಲೇ ಪ್ಯಾರಿಸ್ಸಿನಲ್ಲಿ ಬ್ಯಾಂಕು ತೆರೆದು ನೋಟು ಕೊಟ್ಟ. 1720ರಲ್ಲಿ ಮುಳುಗಿತು.

ಹುಬ್ಬಳ್ಳಿ: ಇಲ್ಲಿ ಊರೂರಿನ ನೋಟಿನ ಮಾತು. ಅದಕ್ಕೆ 1790ರ ಬಿಯೆ ದ ಕಾನ್ಫಿಯಾನ್ಸ್ ನೋಡಿ, ಪುರಸಭೆಗಳೇ ಚಿಲ್ಲರೆಗೆಂದು ಹೊರಡಿಸಿದ್ದವು.

ಮಂಗಳೂರು: ಮೊದಲು ಹೇಳಿದ್ದು ಆಸಿಗ್ನಾ. ಮಾತು ತಿರುಗಿಸಬೇಡಿ.

ಹುಬ್ಬಳ್ಳಿ: ನೀವು ಕಲಿಸಬೇಕಿಲ್ಲ.

ಕಾರವಾರ: ಪುದುಚೇರಿಯಲ್ಲಿ ಇಂಡೋಚೈನಾ ಬ್ಯಾಂಕಿನ ರೂಪಾಯಿ ನೋಟು ಓಡುತ್ತಿತ್ತಲ್ಲ, ಅದರ ಬಗ್ಗೆ ಹೇಳುವಿರಾ ಮೇಡಂ?

ಗದಗ: ಒಂದು ಫ್ರಾಂಕ್ ನೋಟಿದೆ, ಬೆಲೆ?

ಸಂರಕ್ಷಕಿ: ಮೇಲೆ ಓದಿ.

ಮೈಸೂರು: ನಿಂಬೆ ಬೇಡವಾದರೆ ಟೂತ್‌ಪೇಸ್ಟ್...

ಸಂರಕ್ಷಕಿ: ಇಂಥ ಫಾರ್ವರ್ಡ್ ಇನ್ನೊಂದು ಹಾಕಿದರೆ ನಾನು ಉತ್ತರಿಸುವುದಿಲ್ಲ. ಇವುಗಳಿಂದ ಹಾಳಾದ ಕಾಗದ ನನ್ನ ಮೇಜಿಗೇ ಬರುತ್ತದೆ.

ಧಾರವಾಡ: ಮೇಡಂ, ಫೋಟೊ ಹಾಕಿದ್ದೇನೆ. ಸ್ವಲ್ಪ ಹೊಳೆಯುತ್ತಿದೆ, ಹರಿಯಬಾರದೆಂದು ಮಧ್ಯಾಹ್ನವೇ ಲ್ಯಾಮಿನೇಷನ್ ಮಾಡಿಸಿದೆ.

ಸಂರಕ್ಷಕಿ: ಅಯ್ಯೋ. ಬಿಚ್ಚಲು ಹೋಗಬೇಡಿ, ಅಂಚನ್ನೂ ಕತ್ತರಿಸಬೇಡಿ. ಇದ್ದ ಹಾಗೇ ನನ್ನ ಬಳಿಗೆ ತನ್ನಿ.